‘ಅನ್‌ಈಸಿಲಿ’: ಅರ್ಥ, ಬಳಕೆ, ಎಡವುವ ಜಾಗಗಳು – ಪದೇ ಪದೇ ಕೇಳುವ ಪ್ರಶ್ನೆಗಳು

‘ಅನ್‌ಈಸಿಲಿ’ ಅಂದರೆ ಏನು?

ಮನಸ್ಸಿಗೆ ನೆಮ್ಮದಿಯಿಲ್ಲದೆ, ಒಳಗೊಳಗೇ ಕಸಿವಿಸಿಪಡುತ್ತಾ ಯಾರೋ ಏನೋ ಮಾಡುತ್ತಿದ್ದಾರೆ ಎಂದು ಹೇಳುವ ಇಂಗ್ಲಿಷ್ ಕ್ರಿಯಾವಿಶೇಷಣ (uneasily) ಇದು. ಏನೋ ಸರಿಯಿಲ್ಲ ಅನ್ನಿಸುತ್ತಿದೆ, ಏನು ಅಂತ ಬೆರಳಿಟ್ಟು ತೋರಿಸಲು ಆಗುತ್ತಿಲ್ಲ. ಆ ಭಾವ ಮುಖದಲ್ಲೋ ದನಿಯಲ್ಲೋ ಕೈಕಾಲಿನ ಚಲನೆಯಲ್ಲೋ ಇಣುಕುತ್ತಿದೆ. ‘ಶಿ ಗ್ಲಾನ್ಸ್‌ಡ್ ಅನ್‌ಈಸಿಲಿ ಅಟ್ ದ ಡೋರ್’ ಎಂದರೆ ಅವಳು ಬಾಗಿಲ ಕಡೆ ಬರೀ ನೋಡಲಿಲ್ಲ, ಅಳುಕುತ್ತಾ ಕಣ್ಣು ಹಾಯಿಸಿದಳು. ಆಚೆ ಯಾರಿದ್ದಾರೆ, ಯಾಕೆ ಅಳುಕು ಎಂಬುದನ್ನು ಪದ ಹೇಳುವುದಿಲ್ಲ. ಹೇಳದೆ ಬಿಡುವುದೇ ಅದರ ಕೆಲಸ.

ಇದರ ತೀವ್ರತೆ ಕಡಿಮೆ. ಭಯ, ದಿಗಿಲು, ಗಾಬರಿ ಇವೆಲ್ಲ ಇದಕ್ಕಿಂತ ಎಷ್ಟೋ ಮೇಲಿನ ಮೆಟ್ಟಿಲುಗಳು. ಹಾವು ಕಂಡವನು ‘ಅನ್‌ಈಸಿಲಿ’ ಓಡುವುದಿಲ್ಲ. ಪೊದೆಯಲ್ಲಿ ಸರಕ್ಕೆಂದ ಸದ್ದು ಕೇಳಿ ಅದು ಗಾಳಿಯೋ ಹಾವೋ ಗೊತ್ತಾಗದವನು ‘ಅನ್‌ಈಸಿಲಿ’ ಹೆಜ್ಜೆ ಇಡುತ್ತಾನೆ.

ಎರಡನೆಯದೊಂದು ಅರ್ಥವೂ ಇದೆ: ಎರಡು ಸಂಗತಿಗಳು ಒಂದಕ್ಕೊಂದು ಹೊಂದದೆ ಇಕ್ಕಟ್ಟಿನಲ್ಲಿ ಜೊತೆಗಿರುವುದು. ಅದಕ್ಕೆ ಮುಂದೆ ಬೇರೆ ಪ್ರಶ್ನೆಯೇ ಇದೆ.

‘ಈಸಿಲಿ’ ಅಂದರೆ ಸುಲಭವಾಗಿ. ಹಾಗಾದರೆ ‘ಅನ್‌ಈಸಿಲಿ’ ಅಂದರೆ ಕಷ್ಟಪಟ್ಟು ಅಂತಲೇ ಅಲ್ಲವೇ?

ಅಲ್ಲ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ, ಹಾಗೆ ಎಡವುವುದರಲ್ಲಿ ತರ್ಕವೂ ಇದೆ. ಹ್ಯಾಪಿಲಿ–ಅನ್‌ಹ್ಯಾಪಿಲಿ, ಫೇರ್‌ಲಿ–ಅನ್‌ಫೇರ್‌ಲಿ ಎಂಬ ಜೋಡಿಗಳನ್ನು ಕಲಿತ ಮೇಲೆ ಇದೂ ಹಾಗೇ ಇರಬೇಕು ಅನ್ನಿಸುವುದು ಸಹಜ. ಆದರೆ ‘ಈಸಿ’ ಎಂಬ ಪದಕ್ಕೆ ಎರಡು ಮುಖ. ಒಂದು ‘ಸುಲಭ’, ಇನ್ನೊಂದು ‘ನಿರಾಳ’. ‘ಈಸಿಲಿ’ ಹೆಚ್ಚಾಗಿ ಮೊದಲ ಮುಖವನ್ನು ಹಿಡಿದುಕೊಂಡಿತು, ‘ಅನ್‌ಈಸಿಲಿ’ ಎರಡನೆಯದನ್ನು. ಹಾಗಾಗಿ ಇವು ನೋಡಲು ವಿರುದ್ಧ ಪದಗಳು, ಬಳಕೆಯಲ್ಲಿ ಅಷ್ಟಾಗಿ ಸಂಬಂಧವಿಲ್ಲ.

ಈ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ‘ಹಿ ಡಿಡ್ ನಾಟ್ ಅಗ್ರೀ ಈಸಿಲಿ’: ಅವನು ಸುಲಭಕ್ಕೆ ಒಪ್ಪಲಿಲ್ಲ, ಒಪ್ಪಿಸಲು ಸಾಕುಸಾಕಾಯಿತು. ‘ಹಿ ಅಗ್ರೀಡ್ ಅನ್‌ಈಸಿಲಿ’: ಅವನು ಒಪ್ಪಿಯೇ ಬಿಟ್ಟ, ಬಹುಶಃ ಕೇಳಿದ ತಕ್ಷಣ, ಆದರೆ ಒಪ್ಪುವಾಗ ಮನಸ್ಸು ಹಗುರಾಗಿರಲಿಲ್ಲ. ಕಷ್ಟಪಟ್ಟು ಮಾಡಿದೆ ಎನ್ನಬೇಕಾದಲ್ಲಿ ‘ವಿತ್ ಡಿಫಿಕಲ್ಟಿ’ ಬಳಸಿ. ‘ಐ ಸಾಲ್ವ್‌ಡ್ ದ ಸಮ್ ಅನ್‌ಈಸಿಲಿ’ ಎಂದರೆ ಲೆಕ್ಕ ಕಷ್ಟವಿತ್ತು ಎಂದಾಗುವುದಿಲ್ಲ, ಲೆಕ್ಕ ಮಾಡುವಾಗ ಯಾಕೋ ಮನಸ್ಸಿಗೆ ಕಸಿವಿಸಿ ಇತ್ತು ಎಂದಾಗುತ್ತದೆ.

ಹಳೆಯ ಇಂಗ್ಲಿಷಿನ ಓದುಗರಿಗೊಂದು ಮಾತು. ನಾಲ್ಕು ಶತಮಾನದ ಹಿಂದೆ ‘ಅನ್‌ಈಸಿ’ಗೆ ‘ಕಷ್ಟದ’ ಎಂಬ ಅರ್ಥವೂ ಇತ್ತು. ಷೇಕ್ಸ್‌ಪಿಯರನ ‘ದ ಟೆಂಪೆಸ್ಟ್’ ನಾಟಕದಲ್ಲಿ ಪ್ರಾಸ್ಪೆರೊ ತನ್ನ ಮಗಳ ಪ್ರೇಮ ಬಲುಬೇಗ ಕುದುರಿತು, ಇದನ್ನು ಸ್ವಲ್ಪ ‘ಅನ್‌ಈಸಿ’ ಮಾಡಬೇಕು ಎನ್ನುವುದು ಈ ಅರ್ಥದಲ್ಲೇ. ಸುಲಭಕ್ಕೆ ದಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬುದು ಅವನ ಲೆಕ್ಕ. ಇಂದಿನ ಬರಹದಲ್ಲಿ ಆ ಅರ್ಥ ಉಳಿದಿಲ್ಲ.

ಈ ಪದ ಎಲ್ಲಿಂದ ಬಂತು?

ಮೂರು ತುಂಡುಗಳು. ನಡುವಿನ ‘ಈಸ್’ ಹಳೆಯ ಫ್ರೆಂಚಿನ ‘ಐಸ್’ ಎಂಬ ಪದದಿಂದ ಬಂದದ್ದು. ನೆಮ್ಮದಿ, ಅನುಕೂಲ ಎಂಬ ಅರ್ಥ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಇಂಗ್ಲಿಷಿಗೆ ಹರಿದು ಬಂದ ಸಾವಿರಾರು ಫ್ರೆಂಚ್ ಪದಗಳಲ್ಲಿ ಇದೂ ಒಂದು. ಮುಂದಿನ ‘ಅನ್’, ಹಿಂದಿನ ‘ಲಿ’ ಎರಡೂ ಅಪ್ಪಟ ಇಂಗ್ಲಿಷ್ ಸ್ವತ್ತು. ‘ಅನ್‌ಈಸಿ’ ಎಂಬ ರೂಪ 1300ರ ಆಸುಪಾಸಿನಿಂದಲೇ ಸಿಗುತ್ತದೆ.

ಇದೇ ‘ಈಸ್’ ಕಾಯಿಲೆ ಎನ್ನುವ ‘ಡಿಸೀಸ್’ ಪದದಲ್ಲೂ ಅಡಗಿದೆ. ಅದೂ ಮೊದಲಿಗೆ ನೆಮ್ಮದಿಗೇಡು ಎಂದಷ್ಟೇ ಅರ್ಥ ಕೊಡುತ್ತಿತ್ತು. ಬರಬರುತ್ತಾ ಒಂದು ಪದ ಮೈಗೆ ಅಂಟಿಕೊಂಡಿತು, ಇನ್ನೊಂದು ಮನಸ್ಸಿಗೆ.

ಉಚ್ಚಾರ ಹೇಗೆ? ಕಾಗುಣಿತದಲ್ಲಿ ಎಲ್ಲಿ ತಪ್ಪಾಗುತ್ತದೆ?

ನಾಲ್ಕು ಉಚ್ಚಾರಾಂಶ: ಅನ್–ಈ–ಜ಼ಿ–ಲಿ. ಒತ್ತು ಬೀಳುವುದು ‘ಈ’ ಮೇಲೆ. ಬರೆಯುವಾಗ ‘ಎಸ್’ ಇದ್ದರೂ ಬಾಯಲ್ಲಿ ಅದು ‘ಜ಼’. ‘ಈಸಿ’ಯನ್ನು ‘ಈಜ಼ಿ’ ಎನ್ನುವಂತೆಯೇ. ಓಡುಮಾತಿನಲ್ಲಿ ‘ಅನೀಜ಼ಿಲಿ’ ಎಂದು ಕೂಡಿಸಿ ಕೇಳಿಸುತ್ತದೆ. ಕನ್ನಡದಲ್ಲಿ ಬರೆಯುವಾಗ ‘ಸಿ’ ಎಂದೇ ರೂಢಿ, ಇಲ್ಲೂ ಹಾಗೇ ಬರೆದಿದೆ.

ಅಕ್ಷರಗಳು ಎಂಟು: ಯು, ಎನ್, ಇ, ಎ, ಎಸ್, ಐ, ಎಲ್, ವೈ. ‘ಈಸಿ’ಯ ಕೊನೆಯ ‘ವೈ’, ‘ಲಿ’ ಸೇರಿದಾಗ ‘ಐ’ ಆಗುತ್ತದೆ. ಅದನ್ನು ‘ವೈ’ ಆಗಿಯೇ ಉಳಿಸುವುದು ಒಂದು ತಪ್ಪು, ಪೂರಾ ನುಂಗಿಬಿಡುವುದು ಇನ್ನೊಂದು.

‘ಐ ಫೆಲ್ಟ್ ಅನ್‌ಈಸಿಲಿ’ ಎನ್ನಬಹುದೇ?

ಬೇಡ. ‘ಐ ಫೆಲ್ಟ್ ಅನ್‌ಈಸಿ’ ಸರಿ. ‘ನನಗೆ ಕಸಿವಿಸಿಯಾಯಿತು’ ಎನ್ನುವಾಗ ಆ ಭಾವ ‘ನನ್ನ’ ಸ್ಥಿತಿಯನ್ನು ಹೇಳುತ್ತದೆ, ಅನ್ನಿಸುವ ಕ್ರಿಯೆ ಹೇಗೆ ನಡೆಯಿತು ಎಂಬುದನ್ನಲ್ಲ. ಆದ್ದರಿಂದ ಗುಣವಾಚಕ ಬೇಕು. ಫೀಲ್, ಸೀಮ್, ಬಿಕಮ್, ಬಿ – ಈ ಕ್ರಿಯಾಪದಗಳ ನಂತರ ‘ಅನ್‌ಈಸಿ’ ಬರುತ್ತದೆ.

‘ಲುಕ್’ ಮಾತ್ರ ಸ್ವಲ್ಪ ಚೇಷ್ಟೆ ಮಾಡುತ್ತದೆ. ‘ಹಿ ಲುಕ್ಡ್ ಅನ್‌ಈಸಿ’ ಎಂದರೆ ಅವನ ಮುಖದಲ್ಲಿ ಕಸಿವಿಸಿ ಕಾಣುತ್ತಿತ್ತು, ನೋಡುತ್ತಿದ್ದವರು ನಾವು. ‘ಹಿ ಲುಕ್ಡ್ ಅನ್‌ಈಸಿಲಿ ಅಟ್ ದ ಲೆಟರ್’ ಎಂದರೆ ಅವನೇ ಪತ್ರದ ಕಡೆ ಅಳುಕಿನಿಂದ ನೋಡಿದ. ನೋಟ ಯಾರದು ಎಂದು ಕೇಳಿಕೊಂಡರೆ ಯಾವ ರೂಪ ಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಪರೀಕ್ಷೆಗೆ ಓದುವವರು ಈ ಒಂದು ಉತ್ತರವನ್ನು ಗಟ್ಟಿ ಮಾಡಿಕೊಳ್ಳಿ. ತಪ್ಪು ತಿದ್ದುವ ಪ್ರಶ್ನೆಗಳಿಗೆ ಹೇಳಿ ಮಾಡಿಸಿದಂಥ ಜಾಗ ಇದು.

ವಾಕ್ಯದಲ್ಲಿ ಈ ಪದದ ಸ್ಥಾನ ಎಲ್ಲಿ?

ಕ್ರಿಯಾಪದದ ನಂತರ ಇಡುವುದು ಹೆಚ್ಚು ಸಹಜ: ‘ಶಿ ಸ್ಮೈಲ್ಡ್ ಅನ್‌ಈಸಿಲಿ’. ಮುಂಚೆ ಇಟ್ಟರೂ ತಪ್ಪಿಲ್ಲ: ‘ಹಿ ಅನ್‌ಈಸಿಲಿ ಅಕ್ಸೆಪ್ಟೆಡ್ ದ ಆಫರ್’. ವಾಕ್ಯದ ಮೊದಲಿಗೇ ಇಟ್ಟು ಅಲ್ಪವಿರಾಮ ಹಾಕಿದರೆ ಕಥೆಯ ಧಾಟಿ ಬರುತ್ತದೆ.

ಇಡಬಾರದ ಜಾಗ ಒಂದಿದೆ: ಕ್ರಿಯಾಪದ ಮತ್ತು ಅದರ ಕರ್ಮದ ನಡುವೆ. ‘ಶಿ ವಾಚ್ಡ್ ಅನ್‌ಈಸಿಲಿ ದ ಡಾಗ್’ ಎಂದರೆ ಕಿವಿಗೆ ಒಡೆದು ಕೇಳುತ್ತದೆ. ‘ಶಿ ವಾಚ್ಡ್ ದ ಡಾಗ್ ಅನ್‌ಈಸಿಲಿ’ ಎನ್ನಬೇಕು. ‘ಗ್ಲಾನ್ಸ್ ಅಟ್’ ಥರದ ಜೋಡಿಗಳಲ್ಲಿ ಮಾತ್ರ ನಡುವೆ ಸೇರಿಸಬಹುದು, ಏಕೆಂದರೆ ಅಲ್ಲಿ ‘ಅಟ್’ ಎಂಬ ಬೇಲಿ ಇದೆ.

ಯಾವ ಕ್ರಿಯಾಪದಗಳ ಜೊತೆ ಇದು ಹೆಚ್ಚಾಗಿ ಕಾಣಿಸುತ್ತದೆ?

ಕೂತಲ್ಲಿ ಮಿಸುಕಾಡುವ ‘ಶಿಫ್ಟ್’, ಕಣ್ಣು ಹಾಯಿಸುವ ‘ಗ್ಲಾನ್ಸ್’, ನಗುವ ‘ಲಾಫ್’ ಮತ್ತು ‘ಸ್ಮೈಲ್’, ನಿದ್ದೆಯಲ್ಲಿ ಕದಲುವ ‘ಸ್ಟರ್’, ಜೊತೆಗಿರುವ ‘ಕೋಎಕ್ಸಿಸ್ಟ್’, ಮತ್ತೆ ‘ಸಿಟ್’. ಕೊನೆಯ ಎರಡನ್ನು ಪಕ್ಕಕ್ಕಿಟ್ಟರೆ ಉಳಿದವೆಲ್ಲ ಮೈಯ ಸಣ್ಣ ಚಲನೆಗಳು ಎಂಬುದನ್ನು ಗಮನಿಸಿ. ಮನಸ್ಸಿನಲ್ಲಿರುವುದನ್ನು ಮುಚ್ಚಿಡಲು ಹೋದಾಗ ಮೈ ಬಿಟ್ಟುಕೊಡುವ ಗುಟ್ಟುಗಳಿವು. ‘ಅನ್‌ಈಸಿಲಿ’ ಹೊಂದುವುದು ಇಂಥ ಕಡೆ. ಓಡು, ಹೊಡೆ, ಕಿರುಚು ಮುಂತಾದ ದೊಡ್ಡ ಕ್ರಿಯೆಗಳ ಪಕ್ಕ ಅದನ್ನು ಇಟ್ಟರೆ ವ್ಯಾಕರಣ ತಕರಾರು ಮಾಡುವುದಿಲ್ಲ, ಓದುಗ ಮಾಡುತ್ತಾನೆ.

ಕೆಲವು ಗುಣವಾಚಕಗಳ ಮುಂದೆಯೂ ಬರುತ್ತದೆ. ‘ಅನ್‌ಈಸಿಲಿ ಅವೇರ್’ ಎಂದರೆ ಒಂದು ಸಂಗತಿ ಗೊತ್ತಿದೆ, ಗೊತ್ತಿರುವುದೇ ಮನಸ್ಸನ್ನು ಕೊರೆಯುತ್ತಿದೆ.

ನರ್ವಸ್‌ಲಿ, ಆಂಕ್ಷಸ್‌ಲಿ, ಅನ್‌ಕಂಫರ್ಟಬ್ಲಿ – ಇವಕ್ಕೂ ಇದಕ್ಕೂ ಏನು ವ್ಯತ್ಯಾಸ?

ಒಂದೇ ಸನ್ನಿವೇಶ ತೆಗೆದುಕೊಳ್ಳೋಣ. ಸಂದರ್ಶನಕ್ಕೆ ಬಂದವನೊಬ್ಬ ಹೊರಗೆ ಕುರ್ಚಿಯಲ್ಲಿ ಕೂತಿದ್ದಾನೆ.

ಒಳಗೆ ಹೋಗಿ ಮಾತಾಡಬೇಕಲ್ಲ ಎಂದು ಅಂಗೈ ಬೆವರುತ್ತಿದ್ದರೆ, ಫೈಲಿನ ಅಂಚನ್ನು ಸುಮ್ಮನೆ ಸುರುಳಿ ಸುತ್ತುತ್ತಿದ್ದರೆ ಅವನು ‘ನರ್ವಸ್‌ಲಿ’ ಕೂತಿದ್ದಾನೆ. ಮುಂದೆ ಬರುವ ಒಂದು ಗಳಿಗೆಯ ಪುಕ್ಕಲು ಅದು. ಸಂದರ್ಶನ ಮುಗಿದು ಫಲಿತಾಂಶಕ್ಕೆ ಕಾಯುತ್ತಾ, ಕೆಲಸ ಸಿಗದಿದ್ದರೆ ಗತಿಯೇನು ಎಂದು ಚಿಂತಿಸುತ್ತಿದ್ದರೆ ‘ಆಂಕ್ಷಸ್‌ಲಿ’. ಇಲ್ಲಿ ಚಿಂತೆಗೆ ಗೊತ್ತಾದ ಕಾರಣವಿದೆ, ಜೊತೆಗೆ ಒಳ್ಳೆಯದಾಗಲಿ ಎಂಬ ಹಂಬಲವೂ ಇದೆ. ಕುರ್ಚಿ ಗಟ್ಟಿ, ಟೈ ಬಿಗಿ, ಎದುರಿಗೆ ಕೂತವರು ಎವೆಯಿಕ್ಕದೆ ನೋಡುತ್ತಿದ್ದಾರೆ ಎಂದಾದರೆ ‘ಅನ್‌ಕಂಫರ್ಟಬ್ಲಿ’. ಅದು ಮೈಗೂ ಸಲ್ಲುತ್ತದೆ, ಮನಸ್ಸಿಗೂ ಸಲ್ಲುತ್ತದೆ.

ಈಗ ಹೀಗೆ ಊಹಿಸಿ. ಅವನಿಗಿಂತ ಮುಂಚೆ ಒಳಗೆ ಹೋದವರು ಒಬ್ಬರೂ ಈ ಬಾಗಿಲಿಂದ ಹೊರಗೆ ಬಂದಿಲ್ಲ. ಸ್ವಾಗತಕಾರಿಣಿ ಅವನ ಕಣ್ಣು ತಪ್ಪಿಸುತ್ತಿದ್ದಾಳೆ. ಗೋಡೆಯ ಮೇಲೆ ಕಂಪನಿಯ ಹೆಸರೇ ಇಲ್ಲ. ಅವನು ಕೂತಲ್ಲೇ ಒಮ್ಮೆ ಸರಿದು ಬಾಗಿಲ ಕಡೆ ನೋಡುತ್ತಾನೆ. ಇದು ‘ಅನ್‌ಈಸಿಲಿ’. ಏನೋ ಎಡವಟ್ಟಾಗಿದೆ ಎಂಬ ವಾಸನೆ ಬಡಿದಿದೆ, ರುಜುವಾತಿಲ್ಲ.

ಎಲ್ಲ ಕಡೆ ಇಷ್ಟು ಕತ್ತರಿಸಿದಂತೆ ಬೇರೆಬೇರೆ ಇರುವುದಿಲ್ಲ. ಒಳ್ಳೆಯ ಲೇಖಕರೂ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುತ್ತಾರೆ. ಆದರೆ ಹಣೆಪಟ್ಟಿಯಿಲ್ಲದ ಅನುಮಾನವನ್ನು ಹೇಳಬೇಕಾದಾಗ ಈ ನಾಲ್ಕರಲ್ಲಿ ಹತ್ತಿರದ್ದು ‘ಅನ್‌ಈಸಿಲಿ’ಯೇ.

‘ಸಿಟ್ಸ್ ಅನ್‌ಈಸಿಲಿ ವಿತ್’ ಎಂಬ ಪ್ರಯೋಗ ಸುದ್ದಿ, ಸಂಪಾದಕೀಯಗಳಲ್ಲಿ ಕಾಣುತ್ತದೆ. ಇಲ್ಲಿ ಕೂತಿರುವುದು ಯಾರು?

ಯಾರೂ ಕೂತಿಲ್ಲ. ಇದೇ ಆ ಎರಡನೇ ಅರ್ಥ. ಒಂದು ಹೇಳಿಕೆ, ನಿಯಮ ಅಥವಾ ನಡವಳಿಕೆ ಇನ್ನೊಂದರ ಜೊತೆ ತಾಳೆಯಾಗದಿದ್ದಾಗ ಹೀಗೆ ಬರೆಯುತ್ತಾರೆ. ಪಾರದರ್ಶಕತೆಯ ಬಗ್ಗೆ ಭಾಷಣ ಮಾಡುವ ಸಂಸ್ಥೆ ತನ್ನ ಲೆಕ್ಕಪತ್ರ ಮುಚ್ಚಿಟ್ಟರೆ, ಆ ಗುಟ್ಟು ಅದರ ಮಾತಿನ ಜೊತೆ ‘ಸಿಟ್ಸ್ ಅನ್‌ಈಸಿಲಿ’. 

ಇದೊಂದು ನಯವಾದ ಏಟು. ‘ಸುಳ್ಳು’ ಅಥವಾ ‘ವಿರೋಧಾಭಾಸ’ ಎಂದು ನೇರವಾಗಿ ಬರೆದರೆ ರುಜುವಾತು ಕೊಡಬೇಕಾಗುತ್ತದೆ. ಹೀಗೆ ಬರೆದರೆ ಎರಡೂ ಒಟ್ಟಿಗೆ ಇರಬಹುದು, ಆದರೆ ನೆಟ್ಟಗೆ ಕೂರುತ್ತಿಲ್ಲ ಎಂದಷ್ಟೇ ಹೇಳಿದಂತಾಗುತ್ತದೆ. ಕಾನೂನು, ರಾಜಕೀಯ, ಸಂಶೋಧನೆಯ ಬರಹಗಳಲ್ಲಿ ಇದಕ್ಕೆ ಬೇಡಿಕೆ ಇರುವುದು ಅದಕ್ಕೇ. ‘ಕೋಎಕ್ಸಿಸ್ಟ್ ಅನ್‌ಈಸಿಲಿ’ ಕೂಡ ಇದೇ ಜಾತಿ: ಜಗಳವಾಡುತ್ತಿಲ್ಲ, ಹಾಗಂತ ಹೊಂದಾಣಿಕೆಯೂ ಇಲ್ಲ.

ಕನ್ನಡಕ್ಕೆ ತರುವಾಗ ಯಾವ ಪದ ಬಳಸಬೇಕು?

ಒಂದೇ ಪದ ಹುಡುಕಿದರೆ ಸೋಲುತ್ತೀರಿ. ನಿಘಂಟಿನಲ್ಲಿ ‘ಅಶಾಂತಿಯಿಂದ’, ‘ಆತಂಕದಿಂದ’ ಎಂದು ಸಿಕ್ಕಿದ್ದನ್ನು ಎಲ್ಲ ಕಡೆ ಅಂಟಿಸುವುದರಿಂದಲೇ ಎಷ್ಟೋ ಅನುವಾದಗಳು ಸರ್ಕಾರಿ ಸುತ್ತೋಲೆಯಂತೆ ಓದಿಸಿಕೊಳ್ಳುತ್ತವೆ. ‘ಅವನು ಅಶಾಂತಿಯಿಂದ ನಕ್ಕನು’ ಎಂದು ಯಾವ ಕನ್ನಡಿಗನೂ ಮಾತಾಡುವುದಿಲ್ಲ.

ನಮ್ಮಲ್ಲಿ ಈ ಭಾವದ ಸುತ್ತ ಪದಗಳಿಗೆ ಬರವಿಲ್ಲ, ಒಂದೊಂದಕ್ಕೂ ಒಂದೊಂದು ಜಾಗವಿದೆ. ಕಾರಣ ಸ್ಪಷ್ಟವಿಲ್ಲದ ಸಣ್ಣ ಹಿಂಸೆಗೆ ‘ಕಸಿವಿಸಿ’. ಬೇರೆಯವರ ಮಾತು ಅಥವಾ ಇರುವಿಕೆಯಿಂದ ಆಗುವುದಕ್ಕೆ ‘ಇರಿಸುಮುರಿಸು’. ನಾಲ್ಕು ಜನರ ಎದುರಿನ ಸಂಕೋಚಕ್ಕೆ ‘ಮುಜುಗರ’. ಹೆದರಿಕೆಯ ಎಳೆ, ಕೆಲವೊಮ್ಮೆ ತಪ್ಪಿತಸ್ಥ ಭಾವದ ಎಳೆಯೂ ಸೇರಿದ್ದರೆ ‘ಅಳುಕು’. ಕೂತಲ್ಲಿ ಕೂರಲಾಗದ್ದಕ್ಕೆ ‘ಚಡಪಡಿಕೆ’. ‘ಕಳವಳ’, ‘ತಳಮಳ’ ಇವಕ್ಕಿಂತ ತೂಕದವು. ‘ಅನ್‌ಈಸಿಲಿ’ಗೆ ಹಲವು ಸಲ ಭಾರವಾಗುತ್ತವೆ. ‘ಅಸಮಾಧಾನ’ ಎಂದರೆ ಕೋಪದ ಕಡೆ ವಾಲುತ್ತದೆ, ‘ಅಸ್ವಸ್ಥ’ ಎಂದರೆ ಓದುಗ ಜ್ವರ ಬಂದಿದೆ ಅಂದುಕೊಳ್ಳುತ್ತಾನೆ.

ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಕ್ರಿಯಾವಿಶೇಷಣವನ್ನೇ ಕೈಬಿಟ್ಟು ಅದರ ಕೆಲಸವನ್ನು ಕ್ರಿಯಾಪದಕ್ಕೆ ಒಪ್ಪಿಸುವುದು. ಕನ್ನಡ ಈ ವಿಷಯದಲ್ಲಿ ಶ್ರೀಮಂತ ಭಾಷೆ. ‘ಶಿ ಶಿಫ್ಟೆಡ್ ಅನ್‌ಈಸಿಲಿ ಇನ್ ಹರ್ ಚೇರ್’ ಎಂಬುದಕ್ಕೆ ‘ಅವಳು ಕೂತಲ್ಲೇ ಮಿಸುಕಾಡಿದಳು’ ಸಾಕು. ಚಲನೆಯೂ ಕಸಿವಿಸಿಯೂ ‘ಮಿಸುಕಾಡು’ ಒಂದರಲ್ಲೇ ಬಂತು. ಕುರ್ಚಿಯನ್ನು ಹೆಸರಿಸುವ ಅಗತ್ಯವೂ ಬೀಳಲಿಲ್ಲ.

ಇನ್ನೊಂದು: ‘ದ ಮ್ಯಾನೇಜರ್ ಲಾಫ್ಡ್ ಅನ್‌ಈಸಿಲಿ ಅಂಡ್ ಚೇಂಜ್ಡ್ ದ ಸಬ್ಜೆಕ್ಟ್’. ಪದಕ್ಕೆ ಪದ ಇಟ್ಟರೆ ‘ಮ್ಯಾನೇಜರ್ ಆತಂಕದಿಂದ ನಕ್ಕರು ಮತ್ತು ವಿಷಯವನ್ನು ಬದಲಾಯಿಸಿದರು’. ಓದಿದವರಿಗೆ ಮ್ಯಾನೇಜರಿಗೆ ಏನಾಯಿತು ಎಂದು ಗಾಬರಿಯಾಗಬೇಕು. ‘ಮ್ಯಾನೇಜರ್ ಪೆಚ್ಚಾಗಿ ನಕ್ಕು ಮಾತನ್ನು ಬೇರೆ ಕಡೆ ತಿರುಗಿಸಿದರು’ ಎಂದರೆ ಆ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ. ‘ಹಿ ಸ್ಲೆಪ್ಟ್ ಅನ್‌ಈಸಿಲಿ’ ಬಂದರೆ ‘ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಲೇ ಇದ್ದ’ ಎನ್ನಿ. ‘ಸಿಟ್ಸ್ ಅನ್‌ಈಸಿಲಿ’ಗೆ ‘ತಾಳೆಯಾಗುತ್ತಿಲ್ಲ’, ‘ಹೊಂದಿಕೆಯಾಗುತ್ತಿಲ್ಲ’ ಸಾಕು. ಅಲ್ಲಿ ಕೂರುವುದನ್ನು ಕನ್ನಡಕ್ಕೂ ಎಳೆದು ತಂದರೆ ನಗೆಪಾಟಲು.

ಪ್ರಾಣಿ, ವಸ್ತುಗಳಿಗೂ ಬಳಸಬಹುದೇ?

ಪ್ರಾಣಿಗಳಿಗೆ ಧಾರಾಳವಾಗಿ. ಗುಡುಗು ಬರುವ ಮುಂಚೆ ಕುದುರೆ ಕಾಲು ಕೆರೆಯುವುದು, ನಾಯಿ ಕುಂಯ್‌ಗುಡುವುದು ಎಲ್ಲವೂ ‘ಅನ್‌ಈಸಿಲಿ’ಯೇ. ವಸ್ತುಗಳಿಗೆ ಬಳಸಿದಾಗ ಭಾವ ಅಲ್ಲಿರುವ ಮನುಷ್ಯರದ್ದು: ದೋಣಿ ‘ಅನ್‌ಈಸಿಲಿ’ ಓಲಾಡಿತು ಎಂದರೆ ಹೆದರಿದ್ದು ದೋಣಿಯಲ್ಲ, ಒಳಗಿರುವವರು.

ಕಿರೀಟ ಹೊತ್ತ ತಲೆಯ ಬಗೆಗಿನ ಆ ಪ್ರಸಿದ್ಧ ಸಾಲಿನಲ್ಲಿ ‘ಅನ್‌ಈಸಿ’ ಇದೆ, ‘ಅನ್‌ಈಸಿಲಿ’ ಯಾಕಿಲ್ಲ?

‘ಅನ್‌ಈಸಿ ಲೈಸ್ ದ ಹೆಡ್ ದಟ್ ವೇರ್ಸ್ ಅ ಕ್ರೌನ್’ – ಷೇಕ್ಸ್‌ಪಿಯರನ ‘ನಾಲ್ಕನೇ ಹೆನ್ರಿ’ ನಾಟಕದ ಎರಡನೇ ಭಾಗ, ಮೂರನೇ ಅಂಕದ ಮೊದಲ ದೃಶ್ಯ. ನಿದ್ದೆ ಬಾರದ ರಾಜ, ತನ್ನ ಬಡ ಪ್ರಜೆಗಳಿಗೆ ದಕ್ಕಿದ ನಿದ್ದೆ ತನಗೆ ಯಾಕಿಲ್ಲ ಎಂದು ಕೊರಗುವ ಮಾತಿನ ಕೊನೆಯ ಸಾಲು ಅದು. ಅಲ್ಲಿ ‘ಅನ್‌ಈಸಿ’ ಮಲಗುವ ರೀತಿಗಿಂತ ಹೆಚ್ಚಾಗಿ ಮಲಗಿದ ತಲೆಯ ಸ್ಥಿತಿಯನ್ನು ಹೇಳುತ್ತದೆ. ಜೊತೆಗೆ ಆ ಕಾಲದ ಇಂಗ್ಲಿಷಿನಲ್ಲಿ ‘ಲಿ’ ಇಲ್ಲದ ರೂಪಗಳನ್ನೇ ಕ್ರಿಯಾವಿಶೇಷಣವಾಗಿ ಬಳಸುವುದೂ ಮಾಮೂಲಾಗಿತ್ತು. ‘ಲಿ’ ಸೇರಿಸಿ ಒಮ್ಮೆ ಜೋರಾಗಿ ಓದಿ ನೋಡಿ, ಸಾಲಿನ ಲಯವೇ ಮುರಿಯುತ್ತದೆ.

ಈ ಸಾಲನ್ನು ‘ಹೆವಿ ಈಸ್ ದ ಹೆಡ್’ ಎಂದು ಉಲ್ಲೇಖಿಸುವವರು ಬಹಳ ಮಂದಿ. ಮೂಲದಲ್ಲಿ ‘ಹೆವಿ’ ಇಲ್ಲ. ರಾಜನ ದೂರು ಕಿರೀಟದ ಭಾರದ್ದಲ್ಲ, ನಿದ್ದೆಗೇಡಿನದ್ದು.

ಕಥೆ ಬರೆಯುವಾಗ ‘ಹಿ ಸೆಡ್ ಅನ್‌ಈಸಿಲಿ’ ಎಂದು ಬಳಸಬಹುದೇ?

ಬಳಸಬಹುದು, ಅಪರೂಪಕ್ಕೆ. ಪಾತ್ರದ ಮಾತಿನಲ್ಲೇ ಕಸಿವಿಸಿ ಕೇಳಿಸುತ್ತಿದ್ದರೆ ಈ ಪದ ದಂಡ. ‘ಅದು... ಅಂದ್ರೆ... ನಾಳೆ ಮಾತಾಡೋಣ್ವಾ?’ ಎಂದ ಮೇಲೆ ಕಸಿವಿಸಿಯಿಂದ ಹೇಳಿದ ಎಂದು ಮತ್ತೆ ಯಾಕೆ ಬರೆಯಬೇಕು? ಮಾತು ಒಂದು, ಮನಸ್ಸು ಇನ್ನೊಂದು ಎಂಬಂತಿರುವಾಗ ಮಾತ್ರ ಇದಕ್ಕೆ ಬೆಲೆ. ‘ಎವ್ರಿಥಿಂಗ್ ಈಸ್ ಫೈನ್’ ಎಂದು ‘ಅನ್‌ಈಸಿಲಿ’ ಹೇಳಿದ ಎಂದರೆ ಎಲ್ಲವೂ ಸರಿಯಿಲ್ಲ ಎಂದು ಓದುಗನಿಗೆ ತಿಳಿಯಿತು. ನನ್ನ ಮಟ್ಟಿಗೆ ಒಂದು ಸಣ್ಣ ಕಥೆಗೆ ಒಂದು ಸಲ ಸಾಕು.

ತರತಮ ರೂಪ ಇದೆಯೇ? ವಿರುದ್ಧ ಪದ ಯಾವುದು?

‘ಮೋರ್ ಅನ್‌ಈಸಿಲಿ’ ಎನ್ನಬಹುದು, ಬಳಕೆ ಕಡಿಮೆ. ತೀವ್ರತೆ ಹೆಚ್ಚಿಸಬೇಕಾದರೆ ಬೇರೆ ಪದವನ್ನೇ ಆರಿಸಿಕೊಳ್ಳುವುದು ಮೇಲು. ವಿರುದ್ಧ ಪದ ಸಂದರ್ಭಕ್ಕೆ ತಕ್ಕಂತೆ: ನಗುವುದಕ್ಕಾದರೆ ‘ಫ್ರೀಲಿ’, ಕೂರುವುದಕ್ಕಾದರೆ ‘ಕಂಫರ್ಟಬ್ಲಿ’, ಮಲಗುವುದಕ್ಕಾದರೆ ‘ಪೀಸ್‌ಫುಲಿ’ ಅಥವಾ ‘ಸೌಂಡ್‌ಲಿ’. ‘ಈಸಿಲಿ’ ಬಹುತೇಕ ಯಾವುದಕ್ಕೂ ಆಗಿಬರುವುದಿಲ್ಲ.

‘ಕ್ವೀಸಿಲಿ’ ಅಂತ ಇನ್ನೊಂದಿದೆಯಲ್ಲ, ಅದೂ ಇದೇನಾ?

ಪ್ರಾಸ ಮಾತ್ರ ಒಂದೇ. ‘ಕ್ವೀಸಿ’ ಎಂದರೆ ಹೊಟ್ಟೆ ತೊಳಸುವುದು, ವಾಕರಿಕೆ ಬಂದಂತಾಗುವುದು. ಮನಸ್ಸಿನ ಹೇವರಿಕೆಗೂ ಅದನ್ನು ವಿಸ್ತರಿಸುತ್ತಾರೆ, ಆದರೆ ಬೇರು ಹೊಟ್ಟೆಯಲ್ಲೇ ಇದೆ. ‘ಇಲ್ ಅಟ್ ಈಸ್’ ಎಂಬ ನುಡಿಗಟ್ಟು ಮಾತ್ರ ‘ಅನ್‌ಈಸಿ’ಯ ನಿಜವಾದ ಒಡಹುಟ್ಟು, ಅದರಲ್ಲಿ ‘ಇಲ್’ ಇದ್ದರೂ ಕಾಯಿಲೆಗೆ ಸಂಬಂಧವಿಲ್ಲ. ಗೊತ್ತಿಲ್ಲದವರ ನಡುವೆ ಸಿಕ್ಕಿಕೊಂಡು ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತೋಚದೆ ನಿಂತವನು ‘ಇಲ್ ಅಟ್ ಈಸ್’.